ಕೊಲ್ಲಿಮಲೆಯ 70 ತಿರುವು: ಕ್ಲಬ್ ಡ್ರೈವ್‌ಗೆ ಮೊದಲ ಸಲ ಸೇರುವವರಿಗೆ ಏನೇನು ಗೊತ್ತಿರಬೇಕು?

ಕೂಪರ್_ಮೈಸೂರು
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಕೊಲ್ಲಿಮಲೆಗೆ ಹೊರಡುವ ಸ್ಪೋರ್ಟ್ಸ್ ಕಾರ್ ಡ್ರೈವ್‌ಗೆ ಹೆಸರು ಕೊಡಬೇಕು ಅಂತಿದೀನಿ. ಕಾರು ಮಿನಿ ಕೂಪರ್ ಎಸ್, ಆಟೊಮ್ಯಾಟಿಕ್. ಗುಂಪಿನ ಜೊತೆ ಘಾಟಿ ಓಡಿಸುವುದು ಇದೇ ಮೊದಲು. ಹೊರಡುವ ಮುಂಚೆ ಗ್ಯಾರೇಜಿನಲ್ಲಿ ಏನು ನೋಡಿಸಬೇಕು, ಗುಂಪಿನಲ್ಲಿ ಹೇಗೆ ನಡೆದುಕೊಳ್ಳಬೇಕು, ಇಳಿಯುವಾಗ ಬ್ರೇಕ್ ಕೈಕೊಡದ ಹಾಗೆ ಏನು ಮಾಡಬೇಕು, ಇವಿಷ್ಟು ತಿಳಿಸಿ. ಊಟಿಯ ಕಲ್ಹಟ್ಟಿ ಘಾಟಿ ಮೈಸೂರಿಗೆ ಹತ್ತಿರ ಇರುವಾಗ ಇಷ್ಟು ದೂರದ ಕೊಲ್ಲಿಮಲೆ ಯಾಕೆ ಅನ್ನುವುದೂ ಅರ್ಥ ಆಗಲಿಲ್ಲ.

ಸೇಲಂ_ರೋಡ್
ಕೊನೆಯ ಪ್ರಶ್ನೆ ಮೊದಲು. ಕಲ್ಹಟ್ಟಿಯಲ್ಲಿ 36 ತಿರುವು ಇದೆ ನಿಜ, ಆದರೆ ಹೊರಗಿನ ಗಾಡಿಗಳಿಗೆ ಅಲ್ಲಿ ಕೆಳಗೆ ಇಳಿಯಲು ಬಿಡುವುದಿಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಹಾಗಾಗಿ ಬೆಳಗಿನ ಖಾಲಿ ರಸ್ತೆ ಸಿಗುವ ಹೊತ್ತಿಗೆ ಗೇಟಿನ ಮುಂದೆ ಸಾಲು ಬೆಳೆದಿರುತ್ತದೆ. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ಆನೆ ದಾಟುವ ಕಾಡು. ಹದಿನೈದು ಕಾರು ಸದ್ದು ಮಾಡಿಕೊಂಡು ಹೋಗುವ ಜಾಗ ಅಲ್ಲವೇ ಅಲ್ಲ.

ಕೊಲ್ಲಿಮಲೆ ನಾಮಕ್ಕಲ್ ಜಿಲ್ಲೆಯಲ್ಲಿದೆ. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂವರೆಗೆ ರಾಷ್ಟ್ರೀಯ ಹೆದ್ದಾರಿ 44. ಆಮೇಲೆ ರಾಶಿಪುರಂ ಕಡೆ ತಿರುಗಿ ತಪ್ಪಲಿನ ಕಾರವಳ್ಳಿ. ಅಲ್ಲಿಂದ ಸೋಳಕ್ಕಾಡು ಕಡೆಗೆ ಏರುವ ರಸ್ತೆಯಲ್ಲಿ ಒಂದರ ಹಿಂದೆ ಒಂದು 70 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ 1/70, 2/70 ಅಂತ ಸಂಖ್ಯೆಯ ಫಲಕ ಇದೆ, ಗುಂಪಿಗೆ ಇದು ತುಂಬ ಉಪಯೋಗ. "41ರಲ್ಲಿ ಬಸ್ ಇಳೀತಿದೆ" ಅಂದರೆ ಹಿಂದಿನವರಿಗೆ ಎಲ್ಲಿ ಅಂತ ಕೂಡಲೇ ಗೊತ್ತಾಗುತ್ತದೆ.

ಬೆಂಗಳೂರಿನಿಂದ ಬೆಳಿಗ್ಗೆ 5ಕ್ಕೆ ಹೊರಟರೆ ದಾರಿಯಲ್ಲಿ ಒಂದು ತಿಂಡಿ ನಿಲುಗಡೆ ಸೇರಿಸಿ 9:30-10ಕ್ಕೆ ತಪ್ಪಲು. ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ ಬರುತ್ತದೆ, ಅಲ್ಲಿ ದಯವಿಟ್ಟು ಎಚ್ಚರ. ಸೇಲಂ ಕಡೆಗೆ ಉದ್ದದ ಇಳಿಜಾರು. ಲೋಡ್ ಲಾರಿಗಳು ನ್ಯೂಟ್ರಲ್‌ನಲ್ಲಿ ಇಳಿದು ಬ್ರೇಕ್ ಕಳೆದುಕೊಂಡು ಎಷ್ಟೋ ಅಪಘಾತ ಆಗಿರುವ ಜಾಗ. ಕನ್ನಡಿಯಲ್ಲಿ ಹಿಂದಿನ ಲಾರಿ ದೊಡ್ಡದಾಗುತ್ತಾ ಬರ್ತಿದ್ದರೆ ಪಕ್ಕಕ್ಕೆ ಸರಿದು ಬಿಟ್ಟುಬಿಡಿ. ಎರಡು ಲಾರಿಗಳ ನಡುವೆ ಸಿಕ್ಕಿಕೊಳ್ಳುವ ಹಾಗೆ ಎಂದೂ ನಿಲ್ಲಬೇಡಿ.

ಡಿಸ್ಕ್_ಪ್ಯಾಡ್
ಬ್ರೇಕ್ ವಿಷಯ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಈ ಡ್ರೈವ್‌ನಲ್ಲಿ ಕೆಡುವುದೆಲ್ಲ ಇಲ್ಲೇ.

ಲೆಕ್ಕ ನೋಡಿ. ಇಬ್ಬರು ಕುಳಿತ ಮಿನಿ ಸುಮಾರು 1400 ಕಿಲೊ. ತಪ್ಪಲಿಗೂ ಮೇಲಿಗೂ 1000 ಮೀಟರ್ ವ್ಯತ್ಯಾಸ ಅಂತ ಹಿಡಿದರೆ, ಇಳಿಯುವಾಗ ಕಳೆಯಬೇಕಾದ ಶಕ್ತಿ ಹತ್ತಿರಹತ್ತಿರ 1.4 ಕೋಟಿ ಜೂಲ್. ನಾಲ್ಕೂ ಡಿಸ್ಕ್ ಸೇರಿ 25 ಕಿಲೊ ಕಬ್ಬಿಣ ಅಂದುಕೊಳ್ಳಿ. ಅಷ್ಟೂ ಶಾಖ ಡಿಸ್ಕಿನಲ್ಲೇ ಉಳಿದರೆ ಅವು 1000 ಡಿಗ್ರಿ ಮೀರಿ ಬಿಸಿಯಾಗಬೇಕು. ಎರಕದ ಕಬ್ಬಿಣ ಕರಗುವುದೇ 1200ರ ಆಸುಪಾಸಿನಲ್ಲಿ. ಹಾಗೆ ಆಗದಿರಲು ಎರಡೇ ಕಾರಣ: ಎಂಜಿನ್ ಒಂದು ಪಾಲು ಹಿಡಿದುಕೊಳ್ಳುತ್ತದೆ, ಗಾಳಿ ಇನ್ನೊಂದು ಪಾಲು ಒಯ್ಯುತ್ತದೆ. 'ಡಿ'ಯಲ್ಲಿ ಹಾಕಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಎರಡೂ ಸಹಾಯ ತಪ್ಪುತ್ತವೆ.

ಬ್ರೇಕ್ ಎರಡು ರೀತಿಯಲ್ಲಿ ಕೈಕೊಡುತ್ತದೆ, ಎರಡರ ಲಕ್ಷಣ ಬೇರೆ ಬೇರೆ. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ನಿಧಾನವಾಗಿ ತಣ್ಣಗಾದರೆ ಬಹುಪಾಲು ಹಿಂದಿರುಗುತ್ತದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ತಳಕ್ಕೆ ಇಳಿಯುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿದೆ. ಇದು ಹೆಚ್ಚು ಅಪಾಯ. ಆಗ ಪೆಡಲ್ ಬೇಗ ಬೇಗ ಪಂಪ್ ಮಾಡಿ, ಗೇರ್ ಒಂದೊಂದೇ ಇಳಿಸಿ, ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಗೆ ತಂದು ನಿಲ್ಲಿಸಿ.

ಆಯಿಲ್ ಯಾಕೆ ಕುದಿಯುತ್ತದೆ? ಅದು ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡ. ಅದೇ ಆಯಿಲ್ 3.7% ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇವೇ ಅಂಕಿ 260 ಮತ್ತು 180. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ. ಕೊನೆಯ ಸಲ ಯಾವಾಗ ಬದಲಿಸಿದ್ದು ಅನ್ನುವುದು ಸರ್ವಿಸ್ ಪುಸ್ತಕದಲ್ಲಿ ಇಲ್ಲದಿದ್ದರೆ ಬದಲಿಸಿಯೇ ಇಲ್ಲ ಅಂತ ತಿಳಿದು ಬದಲಿಸಿಬಿಡಿ. ನಿಮ್ಮ ಮಿನಿಗೆ ತಯಾರಕರು ಹೇಳುವುದು ತೆಳು ಗುಣದ ಡಾಟ್ 4, ಎಬಿಎಸ್ ಬೇಗ ಕೆಲಸ ಮಾಡಲಿ ಅಂತ. ಡಬ್ಬಿಯ ಮೇಲೆ 'ಎಲ್‌ವಿ' ಅಂತ ಇರುತ್ತದೆ. ಡಾಟ್ 5 ಅಂತ ಸಿಲಿಕೋನ್ ಆಯಿಲ್ ಒಂದಿದೆ, ಹೆಸರು ನೋಡಿ ಮೋಸ ಹೋಗಬೇಡಿ, ಅದು ಇದರ ಜೊತೆ ಬೆರೆಯುವುದಿಲ್ಲ.

ಪ್ಯಾಡ್ 3 ಮಿಲಿಮೀಟರಿಗೆ ಬಂದರೆ ಊರೊಳಗೂ ಬದಲಿಸಬೇಕು. ಘಾಟಿಗೆ 5 ಇದ್ದರೆ ಒಳ್ಳೆಯದು, ಯಾಕೆಂದರೆ ತೆಳು ಪ್ಯಾಡ್ ಶಾಖವನ್ನು ನೇರವಾಗಿ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್‌ಗೆ ದಾಟಿಸುತ್ತದೆ. ಒಳಗಿನ ಪ್ಯಾಡ್ ಹೊರಗಿನದ್ದಕ್ಕಿಂತ ಬೇಗ ಸವೆದಿರುವುದು ಸಾಮಾನ್ಯ. ಚಕ್ರದ ಸಂದಿಯಿಂದ ಹೊರಗಿನದ್ದನ್ನು ಮಾತ್ರ ನೋಡಿ ಸರಿಯಿದೆ ಅಂದುಕೊಳ್ಳಬೇಡಿ, ಚಕ್ರ ಬಿಚ್ಚಿಸಿ. ಡಿಸ್ಕಿನ ಕನಿಷ್ಠ ದಪ್ಪ ಅದರ ಅಂಚಿನಲ್ಲೋ ನಡುವಿನ ಉಬ್ಬಿದ ಭಾಗದ ಮೇಲೋ ಕೆತ್ತಿರುತ್ತದೆ.

ಹೊಸ ಪ್ಯಾಡ್ ಹಾಕಿಸಿದರೆ ಹಿಂದಿನ ದಿನ ಬೇಡ. ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಹತ್ತು ಸಲ, ನಡುವೆ ಅರ್ಧ ನಿಮಿಷ ಬಿಟ್ಟು, ಪೂರ್ತಿ ನಿಲ್ಲಿಸದೆ ಬ್ರೇಕ್ ಹಿಡಿದು ಕೂರಿಸಿಕೊಳ್ಳಬೇಕು. ಆಮೇಲೆ ಒಂದಿನ್ನೂರು ಕಿಲೊಮೀಟರ್ ಓಡಿರಲಿ.

ಅಪೆಕ್ಸ್_78
ಒಂದು ಉಪಯೋಗದ ಮಾತು: ಹೊಸಬರು ಮುಂದಾಳು ಕಾರಿನ ಹಿಂದೆಯೇ ಅಂಟಿಕೊಂಡು ಹೋದರೆ ಒಳ್ಳೆಯದು. ಅವರು ಎಲ್ಲಿ ಬ್ರೇಕ್ ಹಿಡಿಯುತ್ತಾರೆ, ಯಾವ ಸಾಲಿನಲ್ಲಿ ತಿರುಗುತ್ತಾರೆ ನೋಡಿ ಹಾಗೇ ಮಾಡಬಹುದು. ಟ್ರ್ಯಾಕಿನಲ್ಲಿ ಕಲಿಸುವುದೂ ಹಾಗೆಯೇ.

ಘಾಟಿ_ಗೇರ್
ಎರಡನೇ ಸ್ಥಾನದಲ್ಲಿರಲಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಅಂಟಿಕೊಂಡು ಹೋಗುವುದಕ್ಕೆ ಮಾತ್ರ ಖಂಡಿತ ಒಪ್ಪುವುದಿಲ್ಲ ಸರ್. ಟ್ರ್ಯಾಕಿನಲ್ಲಿ ಎದುರಿಂದ ಸರ್ಕಾರಿ ಬಸ್ ಬರುವುದಿಲ್ಲ. ಮುಂದಿನ ಕಾರಿನ ಬ್ರೇಕ್ ದೀಪವನ್ನೇ ನೋಡುತ್ತಿರುವವರ ಕಣ್ಣು ರಸ್ತೆಯಿಂದ ಜಾರಿರುತ್ತದೆ. ಮುಂದಿನವರು ತಪ್ಪಿದರೆ ಹಿಂದಿನವರೂ ಅದೇ ಜಾಗದಲ್ಲಿ ತಪ್ಪುತ್ತಾರೆ. ಪೋರ್ಷೆ 911 ಒಂದು ತಿರುವಿಗೆ ಹೊಗುವ ವೇಗ ಮಿನಿಗೆ ಸರಿಹೊಂದಬೇಕು ಅಂತಲೂ ಇಲ್ಲ.

ಅಂತರ 3 ಸೆಕೆಂಡ್. ಗಂಟೆಗೆ 36 ಕಿಲೊಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 10 ಮೀಟರ್, ಅಂದರೆ 30 ಮೀಟರ್. ಮುಂದಿನ ಕಾರು ಸಂಖ್ಯೆಯ ಫಲಕ ದಾಟಿದ ಮೇಲೆ 'ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ' ಅಂತ ಎಣಿಸಿ, ಆಗ ನೀವು ಅಲ್ಲಿಗೆ ಬರಬೇಕು. ಇಷ್ಟು ಬಿಟ್ಟರೆ ನಡುವೆ ಊರಿನ ಬೈಕ್, ಜೀಪ್ ಸೇರಿಕೊಳ್ಳುತ್ತವೆ. ಸೇರಿಕೊಳ್ಳಲಿ, ರಸ್ತೆ ಅವರದ್ದು.

ಹದಿನೈದು ಕಾರಿನ ಒಂದೇ ಸಾಲು ಮಾಡಬಾರದು. ಐದಾರು ಕಾರಿನ ಮೂರು ತಂಡ, ತಂಡಗಳ ನಡುವೆ ಹತ್ತು ನಿಮಿಷ. ಪ್ರತಿ ತಂಡಕ್ಕೂ ರಸ್ತೆ ಗೊತ್ತಿರುವ ಒಬ್ಬರು ಮುಂದೆ, ಅನುಭವಿ ಒಬ್ಬರು ಕೊನೆಗೆ. ಕೊನೆಯ ಕಾರಿನಲ್ಲಿ ಪಂಕ್ಚರ್ ಕಿಟ್, 12 ವೋಲ್ಟಿನ ಗಾಳಿ ಪಂಪ್, ಎಳೆಯುವ ಹಗ್ಗ, ಎರಡು ತ್ರಿಕೋನ ಫಲಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್. ತಂಡದೊಳಗೆ ಓವರ್‌ಟೇಕ್ ಇಲ್ಲ. ಹಿಂದಿನವರು ವೇಗ ಅನ್ನಿಸಿದರೆ ನಿಲುಗಡೆಯಲ್ಲಿ ಸ್ಥಾನ ಬದಲಿಸಿಕೊಳ್ಳಿ. ತಿರುವಿಗೆ ಮುಂಚೆ ದೀಪ ಮಿಣುಕಿಸಿ ದಾರಿ ಕೇಳುವುದೆಲ್ಲ ಬೇಡ.

ಕವಲು ದಾರಿಯಲ್ಲಿ ಒಂದೇ ನಿಯಮ ಸಾಕು: ನಿಮ್ಮ ಹಿಂದಿನ ಕಾರು ಕಾಣುವವರೆಗೆ ಕವಲು ಬಿಡಬೇಡಿ. ಎಲ್ಲರೂ ಇದನ್ನು ಪಾಲಿಸಿದರೆ ಫೋನ್ ಸಿಗ್ನಲ್ ಇಲ್ಲದಿದ್ದರೂ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ರಾಶಿಪುರಂ ದಾಟಿದ ಮೇಲಿನ ಊರು ರಸ್ತೆಗಳಲ್ಲಿ ಇದು ಬೇಕೇ ಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ಬಸ್. ನಾವು ಎಡಗಡೆ ಓಡಿಸುವವರು. ಹತ್ತುವಾಗ ಎಡಕ್ಕೆ ತಿರುಗುವ ಹೇರ್‌ಪಿನ್ ನಮಗೆ ಒಳಬದಿ: ಕಿರಿದು, ಕಡಿದು. ಇಳಿಯುವ ಬಸ್ಸಿಗೆ ಅದು ಹೊರಬದಿ, ಅದು ಆರಾಮಾಗಿ ತಿರುಗುತ್ತದೆ. ಹತ್ತುವಾಗ ಬಲಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ಉಲ್ಟಾ. ನಮಗೆ ಅಗಲ ಸಿಕ್ಕಿತು ಅಂತ ಖುಷಿಯಾಗುತ್ತದೆ, ಆದರೆ ಇಳಿಯುವ ಬಸ್ಸಿಗೆ ಅದು ಒಳಬದಿ. ಮೂತಿ ತಿರುಗಬೇಕಾದರೆ ಅದು ಮೊದಲು ನಮ್ಮ ಸಾಲಿಗೆ ಬರಲೇಬೇಕು. ಡ್ರೈವರ್ ತಪ್ಪು ಅಲ್ಲ, ಬಸ್ಸಿನ ಉದ್ದ ಹಾಗಿದೆ. ಆದ್ದರಿಂದ ಬಲ ತಿರುವು ಬರುವ ಮೊದಲೇ ತಲೆಯೆತ್ತಿ ಮೇಲಿನ ರಸ್ತೆ ನೋಡಿ. ಬಸ್ ಕಂಡರೆ ತಿರುವಿಗೆ 15-20 ಮೀಟರ್ ಹಿಂದೆಯೇ ಎಡಕ್ಕೆ ಒತ್ತಿ ನಿಂತುಬಿಡಿ. ತಿರುವಿನ ಬಾಯಿಗೆ ಹೋಗಿ ನಿಂತರೆ ನೀವೂ ರಿವರ್ಸ್, ನಿಮ್ಮ ಹಿಂದಿನ ನಾಲ್ಕು ಕಾರೂ ರಿವರ್ಸ್.

ಇಳಿಯುವಾಗ ದಾರಿ ಬಿಡಬೇಕಾದವರು ನಾವು. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಏರುವ ಗಾಡಿಗೆ ಮೊದಲ ಹಕ್ಕು ಅನ್ನುವುದು ಸಂಚಾರ ನಿಯಮದಲ್ಲೇ ಇದೆ.

ಅಪೆಕ್ಸ್_78
ಬಲ ತಿರುವಿನ ಬಸ್ ವಿಚಾರ ಸರಿಯಾಗಿದೆ, ಒಪ್ಪಿದೆ. ಅಂತರದ ಮಾತು ಹಿಂತೆಗೆದುಕೊಳ್ಳುತ್ತೇನೆ. ಹಾಗಾದರೆ ಫೋನಿನಲ್ಲಿ ಲ್ಯಾಪ್ ಟೈಮರ್ ಹಾಕಿ ಅವರವರ ಸಮಯ ಮಾತ್ರ ನೋಡಿಕೊಳ್ಳಬಹುದಲ್ಲ? ಯಾರ ಜೊತೆಗೂ ಸ್ಪರ್ಧೆ ಇಲ್ಲ.

ಪಾಲಿಸಿ_ಓದಿ
ದಯವಿಟ್ಟು ಬೇಡ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಸಾರ್ವಜನಿಕ ಜಾಗದಲ್ಲಿ ರೇಸ್ ಮಾತ್ರವಲ್ಲ, ಯಾವುದೇ ಬಗೆಯ ವೇಗ ಪರೀಕ್ಷೆಯನ್ನೂ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಮಾಡಬಾರದು ಅನ್ನುತ್ತದೆ. ಇನ್ನು ನಿಮ್ಮ ಖಾಸಗಿ ಕಾರಿನ ವಿಮೆ ಪತ್ರ ತೆಗೆದು 'ಬಳಕೆಯ ಮಿತಿ' ಅನ್ನುವ ಭಾಗ ಓದಿ. ಸಂಘಟಿತ ರೇಸ್, ವೇಗ ನಿರ್ಧಾರ, ವೇಗ ಪರೀಕ್ಷೆ, ಸಾಮರ್ಥ್ಯ ಪರೀಕ್ಷೆ ಇವಕ್ಕೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗಿ ಇರುತ್ತದೆ. ಅಪಘಾತವಾದ ಮೇಲೆ ಸರ್ವೇಯರ್ ಕೈಗೆ ಟೈಮರಿನ ದಾಖಲೆ ಅಥವಾ ಗುಂಪಿನ ಮೆಸೇಜ್ ಸಿಕ್ಕಿದರೆ ಕ್ಲೇಮ್‌ಗೆ ತೊಂದರೆ. ಅದೂ ನಿಮ್ಮೊಬ್ಬರದ್ದೇ ಅಲ್ಲ. ಗುಂಪಿನ ಕರೆಯೋಲೆಯಲ್ಲಿಯೂ 'ಚೇಸ್', 'ಟೈಮ್' ಇಂಥ ಪದ ಇರಬಾರದು, ಅಂಥ ಉದ್ದೇಶವೂ ಇರಬಾರದು.

ಇನ್ನೊಂದು ಬೇಡಿಕೆ: ಬಾಡಿಗೆ ಸ್ಪೋರ್ಟ್ಸ್ ಕಾರ್ ತರುವವರು ನಂಬರ್ ಪ್ಲೇಟ್ ನೋಡಿ. ಸೆಲ್ಫ್ ಡ್ರೈವ್ ಬಾಡಿಗೆಗೆ ಪರವಾನಗಿ ಇರುವ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ. ಬಿಳಿ ಪ್ಲೇಟಿನ ಖಾಸಗಿ ಕಾರನ್ನು ದುಡ್ಡು ಕೊಟ್ಟು ತಂದರೆ ವಿಮೆಯ ಆಸರೆ ಇರುವುದಿಲ್ಲ. ಸ್ವಂತ ಕಾರಿಗೆ ತಮಿಳುನಾಡು ಪ್ರವೇಶಕ್ಕೆ ಬೇರೆ ಪರ್ಮಿಟ್ ಬೇಡ. ಡಿಎಲ್, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಡಿಜಿಲಾಕರ್‌ನಲ್ಲಿದ್ದರೆ ಸಾಕು. ಬೆಟ್ಟದಲ್ಲಿ ನೆಟ್‌ವರ್ಕ್ ಹೋಗುತ್ತದೆ, ಆದ್ದರಿಂದ ಆರ್‌ಸಿ ಮತ್ತು ವಿಮೆಯ ಪ್ರಿಂಟ್ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ.

ಕೂಪರ್_ಮೈಸೂರು
ತುಂಬ ಉಪಕಾರ ಆಯ್ತು. ಟೈರ್ ಗಾಳಿ ಎಷ್ಟಿರಬೇಕು? ಬೆಟ್ಟ ಹತ್ತಿದರೆ ಗಾಳಿ ಹೆಚ್ಚಾಗುತ್ತೆ, ಸ್ವಲ್ಪ ಕಡಿಮೆ ಹಾಕಿಸಿ ಅಂತ ಬಂಕಿನಲ್ಲಿ ಹೇಳಿದ್ರು. ವಾಕಿಟಾಕಿ ಕೊಳ್ಳಬೇಕಾ?

ಟೈರ್_ಗಾಳಿ
ಕಡಿಮೆ ಬೇಡ. 1000-1200 ಮೀಟರ್ ಮೇಲೆ ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ ಗೇಜಿನಲ್ಲಿ ಒಂದೂವರೆ ಪಿಎಸ್‌ಐ ಹೆಚ್ಚು ಕಾಣಬೇಕು, ನಿಜ. ಆದರೆ ಅಷ್ಟು ಎತ್ತರದಲ್ಲಿ ಆರೇಳು ಡಿಗ್ರಿ ತಂಪೂ ಇರುತ್ತದೆ. ತಂಪಿನಿಂದ ಒಂದು ಪಿಎಸ್‌ಐ ಇಳಿಯುತ್ತದೆ. ಎರಡೂ ಸೇರಿ ಹೆಚ್ಚುಕಡಿಮೆ ಸರಿಹೋಗುತ್ತದೆ. ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು, ಬೆಳಿಗ್ಗೆ ಕಾರು ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗ. ಹೆದ್ದಾರಿಯಲ್ಲಿ ಇನ್ನೂರು ಕಿಲೊಮೀಟರ್ ಓಡಿದ ಮೇಲೆ ಮೂರ್ನಾಲ್ಕು ಪಿಎಸ್‌ಐ ಏರಿರುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ. ಮಾರನೆಯ ದಿನ ತಣ್ಣಗಾದಾಗ ಕಡಿಮೆ ಇರುತ್ತದೆ.

ಟೈರಿನ ಎಳೆ, ಅಂದರೆ ಮೇಲಿನ ಗೀರುಗಳ ಆಳ, ಕಾನೂನು ಪ್ರಕಾರ 1.6 ಮಿಲಿಮೀಟರ್ ಇದ್ದರೆ ಸಾಕು. ಒದ್ದೆ ರಸ್ತೆಯಲ್ಲಿ 3ಕ್ಕಿಂತ ಕಡಿಮೆ ಇದ್ದರೆ ಹಿಡಿತ ಬೇಗ ಬಿಡುತ್ತದೆ. ತಯಾರಾದ ದಿನ ಪಕ್ಕದಲ್ಲಿ ನಾಲ್ಕು ಅಂಕಿಯಲ್ಲಿದೆ: 2319 ಅಂದರೆ 2019ರ 23ನೇ ವಾರ. ಸ್ಪೋರ್ಟ್ಸ್ ಕಾರುಗಳು ಕಡಿಮೆ ಓಡುವುದರಿಂದ ಎಳೆ ಚೆನ್ನಾಗಿದ್ದು ರಬ್ಬರ್ ಗಟ್ಟಿಯಾಗಿರುವುದೇ ಹೆಚ್ಚು. ಆರು ವರ್ಷ ದಾಟಿದ್ದರೆ ಬದಲಿಸಿಕೊಂಡು ಬನ್ನಿ.

ಈ ಕಾರುಗಳಲ್ಲಿ ಬಹುತೇಕ ಸ್ಟೆಪ್ನಿ ಇಲ್ಲ. ರನ್‌ಫ್ಲಾಟ್ ಆದರೆ ಗಾಳಿ ಹೋದ ಮೇಲೂ 80 ಕಿಲೊಮೀಟರ್ ವೇಗ ಮೀರದೆ ಸುಮಾರು 80 ಕಿಲೊಮೀಟರ್ ಹೋಗಬಹುದು. ಅಂಟು ತುಂಬುವ ಕಿಟ್ ಮೊಳೆ ಚುಚ್ಚಿದ್ದಕ್ಕೆ ಸರಿ, ಪಕ್ಕ ಸೀಳಿದರೆ ಉಪಯೋಗವಿಲ್ಲ. ಘಾಟಿಯಲ್ಲಿ ಸೀಳುವುದೇ ಹೆಚ್ಚು. ಎದುರು ಗಾಡಿಗೆ ದಾರಿ ಬಿಡಲು ಎಡ ಚಕ್ರವನ್ನು ಡಾಂಬರಿನ ಒಡೆದ ಅಂಚಿನಿಂದ ಇಳಿಸಿ ಮತ್ತೆ ಹತ್ತಿಸುವಾಗ ತೆಳು ಪಕ್ಕದ ಟೈರ್ ಕತ್ತರಿಸುತ್ತದೆ. ಇಳಿಸಲೇಬೇಕಾದರೆ ಪೂರ್ತಿ ನಿಂತು, ನಡಿಗೆಯ ವೇಗದಲ್ಲಿ, ಅಂಚಿಗೆ ಓರೆಯಾಗಿ ಹತ್ತಿಸಿ. ಎಳೆಯುವ ಕೊಕ್ಕೆ ಡಿಕ್ಕಿಯಲ್ಲಿ ಇದೆಯಾ ಅಂತ ಈಗಲೇ ನೋಡಿ. ಕೆಲವು ಜರ್ಮನ್ ಕಾರುಗಳಲ್ಲಿ ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಗೊತ್ತಿಲ್ಲದೆ ಬಲವಂತ ಮಾಡಿದರೆ ಹಾಳು.

ವಾಕಿಟಾಕಿ ಕೊಳ್ಳುವುದಾದರೆ 446.0ರಿಂದ 446.2 ಮೆಗಾಹರ್ಟ್ಸ್, ಅರ್ಧ ವ್ಯಾಟ್‌ನದ್ದು. 2018ರಿಂದ ಇದಕ್ಕೆ ಲೈಸೆನ್ಸ್ ಬೇಡ. ಅಗ್ಗಕ್ಕೆ ಸಿಗುವ ಐದು ವ್ಯಾಟಿನ ಸೆಟ್ ತರಬೇಡಿ, ಅದಕ್ಕೆ ಲೈಸೆನ್ಸ್ ಬೇಕು. ಮಾತಾಡುವುದು ಪಕ್ಕದಲ್ಲಿ ಕೂತವರ ಕೆಲಸ.

ಘಾಟಿ_ಗೇರ್
ಗೇರಿನ ಬಗ್ಗೆ ಯಾರೂ ಹೇಳಲಿಲ್ಲ. ಮಿನಿಯಲ್ಲಿ ಲಿವರನ್ನು ಮ್ಯಾನುಯಲ್ ಕಡೆ ತಳ್ಳಿ 2ನೇ ಗೇರಿನಲ್ಲೇ ಇಳಿಯಿರಿ, ಕಡಿದಾದ ತಿರುವಿಗೆ 1. ಎಂಜಿನ್ 3000-4000 ಸುತ್ತಿನಲ್ಲಿ ಕೂಗುತ್ತದೆ, ಹೆದರಬೇಡಿ. ಆಗ ಇಂಜೆಕ್ಟರ್ ಪೆಟ್ರೋಲನ್ನೇ ಬಿಡುವುದಿಲ್ಲ, ಎಂಜಿನ್ ಗಾಳಿ ಹಿಂಡುತ್ತಾ ಕಾರನ್ನು ಹಿಡಿದಿರುತ್ತದೆ. ಬ್ರೇಕ್ ತಿರುವಿಗೆ ಮುಂಚೆ ನೇರ ರಸ್ತೆಯಲ್ಲಿ ಗಟ್ಟಿಯಾಗಿ ಎರಡು ಮೂರು ಸೆಕೆಂಡ್ ಹಿಡಿದು ಪೂರ್ತಿ ಬಿಟ್ಟುಬಿಡಿ. ಬಿಟ್ಟ ಹೊತ್ತೇ ಡಿಸ್ಕ್ ಉಸಿರಾಡುವ ಹೊತ್ತು.

ಹತ್ತುವಾಗ ಡ್ರೈ ಡ್ಯುಯಲ್ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್) ಇರುವವರಿಗೆ ಒಂದು ಮಾತು: ಬಸ್ಸಿನ ಹಿಂದೆ ಇಂಚಿಂಚು ತೆವಳಿದರೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಂಡರೆ ಕ್ಲಚ್ ಕಾದು ಡ್ಯಾಶ್‌ನಲ್ಲಿ ಎಚ್ಚರಿಕೆ ಬರುತ್ತದೆ. ಬ್ರೇಕ್ ಹಿಡಿದು ನಿಂತು, ಬಸ್ ಮುಂದಿನ ತಿರುವು ದಾಟಲು ಬಿಟ್ಟು, ಒಂದೇ ಸಲ ಹೊರಡಿ. ತಗ್ಗು ಕಾರಿನವರು ಎಡ ಹೇರ್‌ಪಿನ್ನಿನ ತೀರ ಒಳ ಅಂಚು ಹಿಡಿಯಬೇಡಿ. ಅಲ್ಲಿ ಏರು ಅತಿ ಕಡಿದು, ಮೂತಿಯ ತುಟಿ ಉಜ್ಜುತ್ತದೆ, ಒಳ ಚಕ್ರ ಗಾಳಿಯಲ್ಲಿ ತಿರುಗುತ್ತದೆ. ನಮ್ಮ ಸಾಲಿನೊಳಗೇ ಆದಷ್ಟು ಬಲಕ್ಕೆ.

ಕೆಳಗೆ ತಲುಪಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬೇಡಿ. ಕಾದ ಪ್ಯಾಡ್ ಡಿಸ್ಕಿಗೆ ಒಂದೇ ಜಾಗದಲ್ಲಿ ಅಂಟಿ ಮಸಿ ಬಿಡುತ್ತದೆ, ಆಮೇಲೆ ಬ್ರೇಕ್ ಹಿಡಿದಾಗಲೆಲ್ಲ ಕಾರು ನಡುಗುತ್ತದೆ. ಡಿಸ್ಕ್ ಬಾಗಿದೆ ಅಂತ ಗ್ಯಾರೇಜಿನಲ್ಲಿ ಹೇಳುವುದು ಬಹಳ ಸಲ ಇದನ್ನೇ. ಮೂರು ಕಿಲೊಮೀಟರ್ ಸಮತಟ್ಟಿನಲ್ಲಿ ಓಡಿಸಿ, 'ಪಿ'ಯಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನೀರು ಹಾಕುವುದಂತೂ ಬೇಡವೇ ಬೇಡ.

ಮಲೆನಾಡು_ಮೇಡಂ
ಪಕ್ಕದಲ್ಲಿ ಕೂರುವವರ ಪರವಾಗಿ ಎರಡು ಮಾತು. 70 ತಿರುವು ಅಂದರೆ ಹೊಟ್ಟೆ ತೊಳೆಸುವುದು ಖಂಡಿತ. ಎರಡು ಇಡ್ಲಿ ಸಾಕು, ಎಣ್ಣೆ ತಿಂಡಿ ಬೇಡ. ವಾಂತಿ ಮಾತ್ರೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ತಗೊಳ್ಳಬೇಕು. ಅದು ನಿದ್ದೆ ತರುತ್ತದೆ, ಡ್ರೈವರ್ ತಗೊಳ್ಳಲೇಬಾರದು. ಕೂಪೆ ಕಾರಿನ ಹಿಂದಿನ ಸೀಟಿಗೆ ಮಕ್ಕಳನ್ನು ತುಂಬಿಕೊಂಡು ಬರಬೇಡಿ. ಮಂಗಗಳಿಗೆ ತಿಂಡಿ ಎಸೆಯಬೇಡಿ, ಎಸೆಯುವವರಿಂದಲೇ ಅವು ತಿರುವಿನಲ್ಲಿ ಕಾಯುತ್ತಾ ಕೂರುವುದು. ಮೇಲೆ ಅರಪಲೀಶ್ವರರ ದೇವಸ್ಥಾನದ ಬಳಿ ಎಂಜಿನ್ ರೇಸ್ ಮಾಡಿ ಸದ್ದು ತೋರಿಸುವವರಿದ್ದರೆ ಮುಂದಿನ ಡ್ರೈವ್‌ಗೆ ಅವರ ಹೆಸರು ಬಿಡಿ. ತಮಿಳರ ಆಡಿ ತಿಂಗಳಲ್ಲಿ, ಆಗಸ್ಟ್ ಮೊದಲ ವಾರದ ಸುಮಾರಿಗೆ, ಈ ಬೆಟ್ಟವನ್ನು ಆಳಿದ ಹಳೆಯ ರಾಜ ವಲ್ವಿಲ್ ಓರಿಯ ಉತ್ಸವ ಇರುತ್ತದೆ. ಆಗ ಬೆಟ್ಟದ ತುಂಬ ಜನ, ಆ ದಿನ ಇಟ್ಟುಕೊಳ್ಳಬೇಡಿ.

ಕೂಪರ್_ಮೈಸೂರು
ಆಯಿಲ್ ಬದಲಿಸಲು, ಚಕ್ರ ಬಿಚ್ಚಿ ಪ್ಯಾಡ್ ನೋಡಲು ಶನಿವಾರಕ್ಕೆ ಗ್ಯಾರೇಜಿನಲ್ಲಿ ಹೇಳಿದ್ದೇನೆ. ಕೊನೆಯದಾಗಿ, ಮಳೆ ಬಂದರೆ?

ಸೇಲಂ_ರೋಡ್
ಆ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಜೋರು. ಜನವರಿಯಿಂದ ಮಾರ್ಚ್ ನಂಬಬಹುದು. ಒಣಗಿದ ರಸ್ತೆಗೆ ಬೀಳುವ ಮೊದಲ ಹತ್ತು ನಿಮಿಷದ ಮಳೆಯೇ ಕೆಟ್ಟದ್ದು, ರಬ್ಬರ್ ಪುಡಿ, ಎಣ್ಣೆ ಎಲ್ಲ ಮೇಲೆ ತೇಲುತ್ತದೆ. ಟ್ಯಾಂಕ್ ತುಂಬಿದ ಬಸ್, ಲಾರಿಗಳು ಹೇರ್‌ಪಿನ್ನಿನಲ್ಲಿ ವಾಲಿದಾಗ ಡೀಸೆಲ್ ಚೆಲ್ಲಿರುತ್ತದೆ. ಒದ್ದೆ ಡಾಂಬರಿನ ಮೇಲೆ ಬಣ್ಣಬಣ್ಣದ ಪಟ್ಟೆ ಕಂಡರೆ ಅದೇ. ಹಿಂದಿನ ಚಕ್ರ ಎಳೆಯುವ ಕಾರಿನವರು ಅಲ್ಲಿ ಸ್ಟೀರಿಂಗ್ ನೇರವಾಗುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ, ಕಾರು ಜಾರದಂತೆ ತಡೆಯುವ ಇಎಸ್‌ಪಿ ಆಫ್ ಮಾಡಬೇಡಿ. ಮಂಜು ಬಂದರೆ ಡಿಮ್ ದೀಪ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡರೆ ಎಡಕ್ಕೋ ಬಲಕ್ಕೋ ತಿರುಗುತ್ತೀರಿ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ.

ಕಾರವಳ್ಳಿಯಲ್ಲಿ ಮಳೆ ಬೀಳುತ್ತಿದ್ದರೆ ಹತ್ತುವುದು ಬೇಡ ಅಂತ ಮುಂದಾಳು ಅಲ್ಲೇ ಹೇಳಬೇಕು, ಅದನ್ನು ಯಾರೂ ಚರ್ಚೆಗೆ ಎಳೆಯಬಾರದು. ಯೇರ್ಕಾಡಿಗಾದರೂ ಹೋಗೋಣ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಅಲ್ಲೂ ಸೇಲಂ ಕಡೆಯಿಂದ 20 ಹೇರ್‌ಪಿನ್ ಇದೆ, ಬೀಳುವುದು ಅದೇ ಮಳೆ. ಸೇಲಂನಲ್ಲಿ ಊಟ ಮಾಡಿ, ಕತ್ತಲಾಗುವ ಮುಂಚೆ ತೊಪ್ಪೂರು ಘಾಟಿ ಹತ್ತಿ ವಾಪಸ್ ಬನ್ನಿ.